ಕ್ಯಾಪ್ಟನ್ ಬಂದೇ ಬರ್ತಾನೆ

ತ್ಸಾಯ್ ವೆನ್‌ಪಿನ್‌ನ ಮದುವೆಗೆ ಕಲ್ಲು ಹಾಕಿದವರು ಯಾರು ಎಂದು ನಮ್ಮ ಬಂದರಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ವೆನ್‌ಪಿನ್ನೇ. ಅದಕ್ಕೆ ಅವನು ಯಾರ ಸಹಾಯವನ್ನೂ ಪಡೆಯಲಿಲ್ಲ. ಸಂಜೆ ಹೊತ್ತು, ಕೈಯಲ್ಲಿ ಕಸದ ಚೀಲ ಹಿಡಿದು, ಹಾಡು ಹೇಳಿಕೊಂಡು ಬರುವ ಕಸದ ಲಾರಿಯ ಹಿಂದೆ ನಿಂತು, ಗಟ್ಟಿ ಗಂಟಲಿನಲ್ಲಿ ಆ ಕೆಲಸ ಮುಗಿಸಿದ.

ವೆನ್‌ಪಿನ್ ನನ್ನ ಪಕ್ಕದ ಅಂಗಡಿಯವನು. ನನ್ನದು ಬೆಳಗಿನ ತಿಂಡಿಯ ಅಂಗಡಿ. ಸೋಯಾ ಹಾಲು, ಮೊಟ್ಟೆ ರೊಟ್ಟಿ. ಅವನದು ಕನ್ನಡಕದ ಅಂಗಡಿ. ಅಲ್ಲಿಗೆ ಹೋದವರು ಕನ್ನಡಕವಿಲ್ಲದೆ ವಾಪಸು ಬಂದದ್ದಿಲ್ಲ. ಆದರೆ ತಮ್ಮದೇ ಕನ್ನಡಕ ಹಾಕಿಕೊಂಡು ಬಂದವರು ಕಡಿಮೆ. ನನ್ನ ಹೆಂಡತಿ ಆರು ತಿಂಗಳು ಅಂಚೆಯವನ ಕನ್ನಡಕದಲ್ಲಿ ಲೋಕ ನೋಡಿದಳು. ಆ ಅವಧಿಯಲ್ಲಿ ನಾನು ಸ್ವಲ್ಪ ಚೆಂದ ಕಾಣುತ್ತಿದ್ದೆನಂತೆ, ಅದಕ್ಕೇ ಸುಮ್ಮನಿದ್ದಳಂತೆ.

ನಲವತ್ತಾರು ವರ್ಷ ಒಂಟಿಯಾಗಿದ್ದ ಈ ಮನುಷ್ಯನಿಗೆ ಕಡೆಗೂ ಮದುವೆ ಗೊತ್ತಾಗಿತ್ತು. ಹೆಣ್ಣು ಮಾರ್ಕೆಟ್ಟಿನಲ್ಲಿ ಮೀನುಂಡೆ ಸಾರು ಮಾರುವ ಯೂಲಾನ್. ನಮ್ಮ ಬಂದರಿನಲ್ಲಿ ಅವಳ ಸಾರಿಗೆ ಸಮನಾದ ಸಾರಿಲ್ಲ, ಅವಳ ನಾಲಿಗೆಗೆ ಸಮನಾದ ನಾಲಿಗೆಯೂ ಇಲ್ಲ. ವೆನ್‌ಪಿನ್ ಮೂರು ವರ್ಷ ದಿನವೂ ಎರಡು ಬಟ್ಟಲು ಸಾರು ಕುಡಿದು, ಮೈ ದಪ್ಪವಾದ ಮೇಲೆ ಧೈರ್ಯ ಮಾಡಿ ಕೇಳಿದ್ದ. ಅವಳು, "ಇಷ್ಟು ದಿನ ಬೇಕಾಯ್ತಾ? ನಿಂಗೆ ಸಾರೇ ಇಷ್ಟ ಅನ್ಕೊಂಡಿದ್ದೆ" ಎಂದು ಉಂಗುರ ತೊಟ್ಟಿದ್ದಳು.

ವೆನ್‌ಪಿನ್‌ಗೆ ಒಂದು ಹುಚ್ಚಿತ್ತು. 'ಆಕಾಶಗಂಗೆಯಾಚೆ' ಎಂಬ ಸಿನಿಮಾಗಳ ಹುಚ್ಚು. ಅದರಲ್ಲಿ ಒಬ್ಬ ಕ್ಯಾಪ್ಟನ್, ಮೂರು ಕಣ್ಣಿನ ಒಬ್ಬಳು ಗೆಳತಿ, ಒಂದು ಆಕಾಶನೌಕೆ, ಮುಗಿಯದ ಯುದ್ಧ. ಒಂಬತ್ತು ವರ್ಷದ ಹಿಂದೆ ಬಂದ ಭಾಗದ ಕೊನೆಯಲ್ಲಿ ಕ್ಯಾಪ್ಟನ್ ತನ್ನವರನ್ನು ಉಳಿಸಲು ನೌಕೆಯ ಸಮೇತ ಒಂದು ಕಪ್ಪು ಕುಳಿಯೊಳಗೆ ನುಗ್ಗಿ ಮಾಯವಾಗಿದ್ದ. ಈಗ ಡಿಸೆಂಬರಿನಲ್ಲಿ ಹೊಸ ಭಾಗ ಬರುವುದಿತ್ತು. ಕ್ಯಾಪ್ಟನ್ ಬರುತ್ತಾನೋ ಇಲ್ಲವೋ ಎಂದು ಜಗತ್ತಿನ ಲಕ್ಷಾಂತರ ಜನ ಫೋನುಗಳಲ್ಲಿ ಬಡಿದಾಡುತ್ತಿದ್ದರು. ವೆನ್‌ಪಿನ್ 'ಬರ್ತಾನೆ' ಪಕ್ಷದ ಕಟ್ಟಾಳು.

ಆದರೆ ಮದುಮಗನಾಗುವ ಗಂಡಸು ಆಕಾಶದಲ್ಲಿ ಹಾರಾಡುವವರ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾನೆಂದರೆ ಮರ್ಯಾದೆಯೇ? ಆದ್ದರಿಂದ ಯೂಲಾನಳಿಗೂ ಬೀದಿಯವರಿಗೂ ಅವನು ಹೇಳಿದ್ದು ಬೇರೆ: "ನಾನೊಂದು ಸಂಘದ ಸದಸ್ಯ. ನೌಕಾ ವಿಚಾರ ಚರ್ಚೆ ಮಾಡ್ತೀವಿ. ಸ್ವಲ್ಪ ಗಹನವಾದದ್ದು." ಬಂದರಿನ ಜನ ನೌಕೆ ಎಂದರೆ ಏನು ತಿಳಿದುಕೊಳ್ಳಬೇಕೋ ಅದನ್ನೇ ತಿಳಿದುಕೊಂಡರು. ಕನ್ನಡಕದವನಿಗೆ ಹಡಗಿನ ಇಲಾಖೆಯವರ ಪರಿಚಯವಿದೆಯೆಂದು ಅವನಿಗೊಂದು ತೂಕವೂ ಬಂತು.

ಆ ಸಂಜೆ ತೈಚುಂಗ್ ಊರಿನ ಗೆಳೆಯನೊಬ್ಬ ಫೋನಿನಲ್ಲಿ ವಾದಕ್ಕಿಳಿದಿದ್ದ. ಕ್ಯಾಪ್ಟನ್ ಸತ್ತ, ಮುಗಿಯಿತು ಎಂದು ಅವನ ಹಟ. ಕಸದ ಲಾರಿಯ ಹಾಡಿನ ಮೇಲೆ ದನಿಯೇರಿಸಿ ವೆನ್‌ಪಿನ್ ಕೂಗಿದ:

"ಸತ್ತಿಲ್ಲ ಕಣಯ್ಯಾ! ಹೆಣ ಸಿಕ್ತಾ? ಯಾರಾದ್ರೂ ಕಣ್ಣಾರೆ ನೋಡಿದ್ರಾ? ಕ್ಯಾಪ್ಟನ್ ಬದುಕಿದ್ದಾನೆ. ಎಲ್ಲೋ ಒಂದು ಮೂಲೆಯಲ್ಲಿ ಬೇರೆ ಹೆಸರಿಟ್ಕೊಂಡು ಗುಜರಿ ವ್ಯಾಪಾರ ಮಾಡ್ಕೊಂಡಿದ್ದಾನೆ. ಅವಳೂ ಜೊತೆಗಿದ್ದಾಳೆ... ಹೂಂ, ಅವಳೇ, ಮೂರು ಕಣ್ಣು! ಡಿಸೆಂಬರ್‌ನಲ್ಲಿ ಬಂದೇ ಬರ್ತಾನೆ ನೋಡ್ತಿರು. ಬಂದು, ತನ್ನ ಜಾಗದಲ್ಲಿ ಕೂತ್ಕೊಂಡಿರೋನ ಕತ್ತು ಹಿಡಿದು ಆಚೆ ಹಾಕ್ತಾನೆ. ಆ ದಿನಕ್ಕೇ ನಾನು ಕಾಯ್ತಿರೋದು!"

ಅವನ ಹಿಂದೆ ಮೀನಿನ ಹೊಟ್ಟೆ-ಕಿವಿರುಗಳ ಚೀಲ ಹಿಡಿದು ತಾವೊ ಅಜ್ಜಿ ನಿಂತಿದ್ದಳು. ಎಂಬತ್ತು ದಾಟಿದ ಈ ಅಜ್ಜಿಗೆ ಎದುರಿಗೆ ನಿಂತು ಹೇಳಿದ್ದು ಕೇಳಿಸುವುದಿಲ್ಲ, ಬೆನ್ನು ತಿರುಗಿಸಿ ಹೇಳಿದ್ದು ಕೇಳಿಸುತ್ತದೆ. 'ಮೂರು ಕಣ್ಣು' ಮಾತ್ರ ಹಾಡಿನ ಗದ್ದಲದಲ್ಲಿ ಅವಳಿಗೆ 'ಮೂರು ಹೆಣ್ಣು' ಎಂದು ಕೇಳಿಸಿತು. ಅಜ್ಜಿ ಕಸವನ್ನು ಲಾರಿಗೆ ಹಾಕುವುದನ್ನೂ ಮರೆತು, ಅದನ್ನು ಕೈಯಲ್ಲೇ ಹಿಡಿದು ಮನೆಮನೆಗೆ ಹೊರಟಳು. ಸುದ್ದಿ ಹೋದಲ್ಲೆಲ್ಲ ವಾಸನೆಯೂ ಹೋಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಬಂದರಿನಲ್ಲಿ ಕ್ಯಾಪ್ಟನ್ ಎಂದರೆ ಒಬ್ಬನೇ: ಹುಂಗ್ ತಿಯೆನ್‌ಫು, ಯೂಲಾನಳ ಮೊದಲ ಗಂಡ. ದೊಡ್ಡ ಬಾಯಿ, ಚಿಕ್ಕ ದೋಣಿ. ಒಂಬತ್ತು ವರ್ಷದ ಹಿಂದೆ ಒಂದು ದಿನ ದೋಣಿ ಮಾತ್ರ ತೇಲಿಕೊಂಡು ಬಂತು. ಅದರಲ್ಲಿ ಅವನ ಚಪ್ಪಲಿ ಇತ್ತು, ಅವನಿರಲಿಲ್ಲ. ಯೂಲಾನ್ ಅತ್ತಳು, ಆಮೇಲೆ ಮೀನುಂಡೆಯ ಅಂಗಡಿ ಇಟ್ಟಳು, ಎರಡು ವರ್ಷದ ಹಿಂದೆ ಅವನು ಸತ್ತನೆಂದು ನ್ಯಾಯಾಲಯದಿಂದ ಬರೆಸಿಕೊಂಡಳು.

ವಾರ್ಡಿನ ಮುಖ್ಯಸ್ಥ ಶ್ಯೂ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಕ್ಯಾಪ್ಟನ್ ಮಾಯವಾದ ವರ್ಷವೇ ಅವನಿಗೆ ಚುನಾವಣೆಯಿತ್ತು. ದೋಣಿ ಕಟ್ಟುವ ಧಕ್ಕೆಯ ತುದಿಯಲ್ಲಿ 'ಕ್ಯಾಪ್ಟನ್ ಹುಂಗ್ ಸ್ಮಾರಕ ಮಂಟಪ' ಕಟ್ಟಿಸಿ, ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ ಪ್ರಾಣ ಬಿಟ್ಟ ಧೀರನೆಂದು ಭಾಷಣ ಮಾಡಿ ಗೆದ್ದ. ಮೊದಲ ವರ್ಷ ಕ್ಯಾಪ್ಟನ್ ಇಬ್ಬರನ್ನು ಉಳಿಸಿದ್ದ. ಪ್ರತಿ ಚುನಾವಣೆಗೂ ಸಂಖ್ಯೆ ಏರುತ್ತಾ ಹೋಗಿ, ಈಗ ಕಲ್ಲಿನ ಮೇಲೆ ಹನ್ನೊಂದಕ್ಕೆ ನಿಂತಿತ್ತು. ಆ ಹನ್ನೊಂದು ಜನ ಯಾರೆಂದು ಯಾರೂ ಕೇಳಲಿಲ್ಲ. ಮಂಟಪದಲ್ಲಿ ಗಾಳಿ ಚೆನ್ನಾಗಿ ಬರುತ್ತಿತ್ತು.

ಮರುದಿನ ಬೆಳಿಗ್ಗೆ ನನ್ನ ಅಂಗಡಿಯಲ್ಲಿ ರೊಟ್ಟಿ ತಣ್ಣಗಾಗುತ್ತಿದ್ದರೂ ಯಾರೂ ತಿನ್ನುತ್ತಿರಲಿಲ್ಲ.

"ಬೇರೆ ಯಾರಾದ್ರೂ ಹೇಳಿದ್ರೆ ನಾನು ನಂಬ್ತಿರ್ಲಿಲ್ಲ," ಎಂದಳು ತಾವೊ ಅಜ್ಜಿ. "ಮದುಮಗನೇ ಹೇಳ್ತಿದಾನಲ್ಲಪ್ಪಾ! ತನ್ನ ಮದುವೆ ಮುರಿಯೋ ಸುದ್ದೀನ ಯಾರಾದ್ರೂ ಸುಳ್ಳು ಸುಳ್ಳೇ ಹೇಳ್ತಾರಾ? ನಾನು ದೇವಸ್ಥಾನಕ್ಕೂ ಹೋಗಿ ಕಡಲ ದೇವಿ ಮಾತ್ಸು ತಾಯಿ ಮುಂದೆ ಶಕುನದ ಮರದ ತುಂಡು ಎಸೆದು ಕೇಳಿದೆ. ಮೂರು ಸಲವೂ ಹೌದು ಅಂತ ಬಿತ್ತು."

"ಕತ್ತು ಹಿಡಿದು ಆಚೆ ಹಾಕ್ತಾನೆ ಅಂದ್ನಾ?" ಕೇಳಿದೆ.

"ಅಂದ. 'ಆ ದಿನಕ್ಕೇ ಕಾಯ್ತಿದೀನಿ' ಅಂತಾನೂ ಅಂದ. ತನ್ನ ಕತ್ತಿಗೇ ಕಾಯ್ತಿದಾನೆ, ಪುಣ್ಯಾತ್ಮ!"

ಆ ಹೊತ್ತಿಗೆ ವೆನ್‌ಪಿನ್ ಶಿಳ್ಳೆ ಹಾಕಿಕೊಂಡು ಬಂದು ಸೋಯಾ ಹಾಲು ಕೇಳಿದ. ಎಲ್ಲರೂ ಎದ್ದು ಜಾಗ ಬಿಟ್ಟುಕೊಟ್ಟರು. ಒಬ್ಬ ಮೀನುಗಾರ ಅವನ ಭುಜ ಹಿಡಿದು, "ವೆನ್‌ಪಿನ್ ಅಣ್ಣ, ನಿಜ ಹೇಳು, ಕ್ಯಾಪ್ಟನ್ ಬರ್ತಾನಾ?" ಎಂದ.

ವೆನ್‌ಪಿನ್‌ನ ಮುಖ ಅರಳಿತು. "ಬರ್ತಾನೆ! ನಿಮಗೂ ಗೊತ್ತಾಯ್ತಾ? ಈ ಊರಲ್ಲಿ ನಾನೊಬ್ಬನೇ ಅನ್ಕೊಂಡಿದ್ದೆ!"

"ನಿಂಗೆ ಬೇಜಾರಿಲ್ವಾ?"

"ಬೇಜಾರಾ? ಇದಕ್ಕಿಂತ ಸಂತೋಷ ಇನ್ನೇನಿದೆ?"

ಮೀನುಗಾರ ಕಣ್ಣೊರೆಸಿಕೊಂಡ. ಅವತ್ತು ವೆನ್‌ಪಿನ್‌ನ ತಿಂಡಿಗೆ ನನ್ನ ಹೆಂಡತಿ ಎರಡು ಮೊಟ್ಟೆ ಹೆಚ್ಚಿಗೆ ಹಾಕಿದಳು.

ಮಧ್ಯಾಹ್ನ ಮುಖ್ಯಸ್ಥ ಶ್ಯೂ ಕನ್ನಡಕದ ಅಂಗಡಿಗೆ ಬಂದು ಬಾಗಿಲು ಹಾಕಿಕೊಂಡ. ನಮ್ಮೆರಡು ಅಂಗಡಿಗಳ ನಡುವೆ ಇರುವುದು ತೆಳು ಹಲಗೆ, ನಾನು ಕಿವಿ ಕೊಡಬೇಕಾಗಿಯೇ ಇರಲಿಲ್ಲ.

"ವೆನ್‌ಪಿನ್, ಮುಚ್ಚಿಡಬೇಡ. ಕ್ಯಾಪ್ಟನ್ ಬರೋದು ನಿಜಾನಾ?"

"ಮುಖ್ಯಸ್ಥರೇ! ನಿಮಗೂ ಇದರಲ್ಲಿ ಆಸಕ್ತಿ ಇದೆಯಾ?"

"ಆಸಕ್ತಿ ಏನು ಬಂತು ಮಣ್ಣು, ರಾತ್ರಿಯಿಂದ ನಿದ್ದೆ ಬಂದಿಲ್ಲ."

"ನಂಗೆ ವಾರದಿಂದ ಬಂದಿಲ್ಲ!"

"ಸುದ್ದಿ ಎಲ್ಲಿಂದ ಬಂತಯ್ಯ?"

"ನಮ್ಮ ಸಂಘದಿಂದ. ಬರೀ ಊಹೆ ಅಲ್ಲ, ಸಾಕ್ಷಿ ಇದೆ. ಟ್ರೇಲರ್‌ನಲ್ಲಿ ಅವನ ಕೈ ಕಾಣ್ಸುತ್ತೆ."

ಮುಖ್ಯಸ್ಥನ ಕಣ್ಣ ಮುಂದೆ ಬಂದರಿಗೆ ಬರುವ ಮೀನಿನ ಟ್ರೇಲರುಗಳೆಲ್ಲ ಹಾದುಹೋಗಿರಬೇಕು. "ಟ್ರೇಲರ್‌ನಲ್ಲಾ? ಬರೀ ಕೈನಾ?"

"ಬರೀ ಕೈ. ಮುಖ ಮುಚ್ಚಿಟ್ಟಿದ್ದಾರೆ. ಬೇಕಂತಲೇ."

"ಮುಚ್ಚಿಟ್ಟೋರು ಯಾರು?"

"ಕಂಪನಿಯೋರು."

ಕುರ್ಚಿ ಕಿರುಗುಟ್ಟಿತು. ಮುಖ್ಯಸ್ಥ ಕುಳಿತಿದ್ದ. "ಕೋಪದಲ್ಲಿದ್ದಾನಾ?"

"ಇರಲ್ವಾ ಮತ್ತೆ? ಅವನ ಹೆಸರು ಹೇಳ್ಕೊಂಡು, ಇಲ್ಲದ ಕಥೆ ಕಟ್ಟಿ ಅಧಿಕಾರಕ್ಕೆ ಬಂದೋನು ಒಬ್ಬ ಇದಾನಲ್ಲ, ಆ ಬೋಳುತಲೆ? ಮೊದಲು ಅವನಿಗೆ ಗ್ರಹಚಾರ."

ನಮ್ಮ ಮುಖ್ಯಸ್ಥನ ತಲೆಯ ಮೇಲೆ ಕೂದಲು ನಿಂತು ಬಹಳ ವರ್ಷವಾಗಿತ್ತು. "ಏನು ಮಾಡಬಹುದು ಅವನಿಗೆ?"

"ಕ್ಷಮಿಸ್ತಾನೆ ಅಂತ ಕೆಲವರ ವಾದ. ನನ್ನ ಪ್ರಕಾರ ನೌಕೆಯಿಂದ ಆಚೆ ಎಸೀತಾನೆ."

ಮುಖ್ಯಸ್ಥ ಹೊರಗೆ ಬಂದಾಗ ಅವನ ಮುಖ ನನ್ನ ಸೋಯಾ ಹಾಲಿನ ಬಣ್ಣಕ್ಕಿತ್ತು. ನೇರವಾಗಿ ಬಣ್ಣದ ಅಂಗಡಿಗೆ ಹೋಗಿ ಒಂದು ಡಬ್ಬಿ ಬಿಳಿ ಬಣ್ಣ, ಒಂದು ಕುಂಚ ಕೊಂಡು ಧಕ್ಕೆಯ ಕಡೆ ನಡೆದ. ಸ್ಮಾರಕದ ಮೇಲಿನ ಅಕ್ಷರಗಳನ್ನು ಅಳಿಸುವ ಕೆಲಸವನ್ನು ಅವನು ಯಾರಿಗೂ ವಹಿಸಲಿಲ್ಲ.

ಆ ಮಧ್ಯಾಹ್ನದಿಂದ ನಮ್ಮ ಬಂದರಿನಲ್ಲಿ ಪ್ರಾಮಾಣಿಕತೆ ಉಕ್ಕಿ ಹರಿಯಿತು. ಸತ್ತವನ ಸಾಮಾನು ಯಾರಿಗೂ ಸೇರಿದ್ದಲ್ಲವೆಂದು ಒಬ್ಬೊಬ್ಬರು ಒಂದೊಂದನ್ನು ಒಯ್ದಿದ್ದರು. ಈಗ ಒಬ್ಬ ಕ್ಯಾಪ್ಟನ್ನನ ಗಾಳ ತಂದು ಯೂಲಾನಳ ಮನೆಯ ಬಾಗಿಲಿಗೆ ಒರಗಿಸಿಟ್ಟ. ಇನ್ನೊಬ್ಬ ಅವನ ಚರ್ಮದ ಕೋಟು ಮೈಮೇಲಿಂದಲೇ ಬಿಚ್ಚಿ ಗೂಟಕ್ಕೆ ನೇತುಹಾಕಿದ. ನಾಲ್ಕು ಜನ ಸೇರಿ ಅವನ ಕರೋಕೆ ಹಾಡಿನ ಯಂತ್ರ ಹೊತ್ತು ತಂದರು. ಅದರ ಮೈಕನ್ನು ದೇವಸ್ಥಾನದವರು ಬೇರೆಯಾಗಿ ತಂದುಕೊಟ್ಟರು. ತಾವೊ ಅಜ್ಜಿ ಒಂದು ಬಾಣಲೆ ಇಟ್ಟು, "ನಾನು ಕಾಯ್ತಾ ಇದ್ದೆ ಅಷ್ಟೇ" ಎಂದು ಯಾರೂ ಕೇಳದಿದ್ದರೂ ಹೇಳಿದಳು.

ಯೂಲಾನ್ ಮಾರ್ಕೆಟ್ಟಿನಿಂದ ಬಂದು ನೋಡಿದರೆ ಮನೆಯ ಬಾಗಿಲು ಕಾಣುತ್ತಿರಲಿಲ್ಲ.

"ಏನಿದು? ಯಾರು ಮನೆ ಖಾಲಿ ಮಾಡ್ತಿರೋದು?"

"ಕ್ಯಾಪ್ಟನ್ ಬರ್ತಿದ್ದಾನಂತಲ್ಲಮ್ಮಾ," ಎಂದಳು ಅಜ್ಜಿ. "ಬೇರೆ ಹೆಂಡತಿ, ಮೂರು ಹೆಣ್ಣುಮಕ್ಕಳು. ಗುಜರಿ ವ್ಯಾಪಾರ. ನಿಂಗೆ ಗೊತ್ತಿಲ್ವಾ?"

"ಯಾರು ಹೇಳಿದ್ದು?"

"ನಿನ್ನ ಮದುಮಗನೇ."

ಯೂಲಾನ್ ಬಾಣಲೆಯನ್ನು ಕೈಗೆತ್ತಿಕೊಂಡು ಕನ್ನಡಕದ ಅಂಗಡಿಗೆ ನಡೆದಳು. ದಾರಿಯುದ್ದಕ್ಕೂ ಜನ ಸರಿದು ನಿಂತರು. ನಾನು ನನ್ನ ಹಲಗೆಯ ಹತ್ತಿರ ಹೋದೆ, ನನ್ನ ಹೆಂಡತಿ ಆಗಲೇ ಅಲ್ಲಿದ್ದಳು.

"ಕ್ಯಾಪ್ಟನ್ ಬರ್ತಾನಂತೆ?"

"ಅಯ್ಯೋ, ನಿಂಗ್ಯಾರು ಹೇಳಿದ್ರು? ನಾನೇ ಹೇಳಿ ನಿನ್ನ ಬೆರಗುಗೊಳಿಸ್ಬೇಕು ಅಂತಿದ್ದೆ!"

"ಬೆರಗಾ?"

"ನೋಡು ಲಾನ್, ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟೆ. ನೀನು ನಗ್ತೀಯೇನೋ ಅಂತ ಭಯ ಇತ್ತು. ಈಗ ಊರೇ ಖುಷಿಯಲ್ಲಿದೆ. ಎರಡು ಟಿಕೆಟ್ ತೆಗೆದಿಟ್ಟಿದ್ದೀನಿ. ನಮ್ಮ ಮದುವೆ ಊಟ ಮುಗಿದ ಮಾರನೇ ದಿನವೇ ಕೀಲುಂಗ್ ಪಟ್ಟಣಕ್ಕೆ ಹೋಗಿ ಅವನನ್ನ ನೋಡೋಣ."

"ನಾನೂ ನೀನೂ ಹೋಗಿ."

"ಮುಂದಿನ ಸಾಲಿನಲ್ಲೇ! ಅವನು ಬಂದ ತಕ್ಷಣ ನಾನಂತೂ ಅತ್ತುಬಿಡ್ತೀನಿ. ನೀನು ನನ್ನ ಕೈ ಹಿಡ್ಕೋ."

ಬಾಣಲೆಯ ಸದ್ದು ಬರುತ್ತದೆಂದು ನಾವಿಬ್ಬರೂ ಕಣ್ಣು ಮುಚ್ಚಿಕೊಂಡೆವು. ಆದರೆ ಕೇಳಿಸಿದ್ದು ಗಾಜಿನ ಮೇಲೆ ಏನೋ ಚಿಕ್ಕದು ಟಿಣ್ ಎಂದದ್ದು.

"ಉಂಗುರ ಇಲ್ಲಿದೆ," ಎಂದಳು ಯೂಲಾನ್. "ಅವನ ಮೇಲೆ ಅಷ್ಟೊಂದು ಪ್ರೀತಿ ಇದ್ರೆ ನೀನೇ ಅವನನ್ನ ಮದುವೆಯಾಗು."

ವೆನ್‌ಪಿನ್ ನನ್ನ ಅಂಗಡಿಗೆ ಬಂದು ಕುಸಿದು ಕುಳಿತ. ಹಿಂದೆಂದೂ ಅವನ ಮುಖ ಹಾಗಿದ್ದುದನ್ನು ನಾನು ಕಂಡಿರಲಿಲ್ಲ. ಉಂಗುರ ಅಂಗೈಯಲ್ಲಿತ್ತು.

"ಅವಳಿಗೆ ಇಷ್ಟ ಇಲ್ಲ ಅಂದ್ರೆ ಬಿಟ್ಬಿಡ್ತೀನಿ ಅಣ್ಣ. ಚಿಕ್ಕೋನಾಗಿದ್ದಾಗಿಂದ ನೋಡ್ಕೊಂಡು ಬಂದಿದ್ದೀನಿ, ಆದ್ರೂ ಬಿಡ್ತೀನಿ. ಅವಳಿಗಿಂತ ಹೆಚ್ಚಾ? ಟಿಕೆಟ್ ಹರಿದು ಹಾಕ್ತೀನಿ. ಒಂದು ಸಿನಿಮಾಗೋಸ್ಕರ ಮದುವೆ ಮುರ್ಕೊಳ್ಳೋ ಮೂರ್ಖ ನಾನಲ್ಲ."

"ಏನಂದೆ?" ಎಂದೆ. "ಯಾವ ಸಿನಿಮಾ?"

"ಕ್ಯಾಪ್ಟನ್ ಬರೋ ಸಿನಿಮಾ."

ನನ್ನ ಹೆಂಡತಿ ಕೈಯಲ್ಲಿದ್ದ ಹಿಟ್ಟಿನ ಪಾತ್ರೆಯನ್ನು ಕೆಳಗಿಟ್ಟು, ಅವನ ಎದುರು ಬಂದು ಕುಳಿತು, ಮಗುವಿಗೆ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು. ಕ್ಯಾಪ್ಟನ್ ಎಂದರೆ ಈ ಊರಿನಲ್ಲಿ ಯಾರು ಎಂದು. ನಿನ್ನೆ ಅವನು ಕೂಗಿದ್ದನ್ನು ಯಾರು ಕೇಳಿಸಿಕೊಂಡರು ಎಂದು. ಮೂರು ಕಣ್ಣು ಏನಾಯಿತು ಎಂದು. ವೆನ್‌ಪಿನ್‌ನ ಬಾಯಿ ನಿಧಾನವಾಗಿ ತೆರೆಯುತ್ತಾ ಹೋಯಿತು.

"ಹಾಗಾದ್ರೆ ನಾನು ಯೂಲಾನಳ ಗಂಡನ್ನ ನೋಡಕ್ಕೆ ಅವಳನ್ನೇ ಕರ್ಕೊಂಡು..."

"ಮುಂದಿನ ಸಾಲಿನಲ್ಲಿ ಕೂತು," ಎಂದಳು ನನ್ನ ಹೆಂಡತಿ.

"...ಕೈ ಹಿಡ್ಕೊಂಡು ಅಳ್ತೀನಿ ಅಂದೆ."

ಒಬ್ಬೊಬ್ಬರಿಗೆ ಹೇಳುತ್ತಾ ಹೋದರೆ ಸುದ್ದಿ ಇನ್ನೇನಾಗಿ ಹುಟ್ಟುತ್ತದೋ ಎಂದು, ಊರಿಗೆಲ್ಲ ಒಟ್ಟಿಗೆ ತಿಳಿಸಿಬಿಡಲು ಅವನನ್ನು ಮುಖ್ಯಸ್ಥನ ಮನೆಗೆ ಎಳೆದುಕೊಂಡು ಹೋದೆ. ವಾರ್ಡಿನ ಪ್ರಕಟಣೆಯ ಮೈಕು ಅವನ ಪಡಸಾಲೆಯಲ್ಲಿದೆ. ಅದರ ಕಹಳೆಗಳು ಊರಿನ ಎಲ್ಲ ಕಂಬದ ಮೇಲೂ ಇವೆ. ಒಂದು ಯೂಲಾನಳ ಅಂಗಡಿಯ ನೆತ್ತಿಯ ಮೇಲೇ ಇದೆ. ಮುಖ್ಯಸ್ಥ ಆಗಷ್ಟೇ ಮಂಟಪದಿಂದ ಬಂದಿದ್ದ, ಎರಡು ಕೈಗೂ ಬಿಳಿ ಬಣ್ಣ. ಸಿನಿಮಾ ಎಂದು ಕೇಳಿ ಅವನಿಗೆ ಎಷ್ಟು ನಿರಾಳವಾಯಿತೆಂದರೆ ಬಣ್ಣದ ಕೈಯಲ್ಲೇ ತಲೆ ಸವರಿಕೊಂಡ.

"ಹೇಳು, ಈಗಲೇ ಹೇಳು!" ಎಂದು ಮೈಕು ಹಾಕಿಕೊಟ್ಟ.

ವೆನ್‌ಪಿನ್ ಗಂಟಲು ಸರಿಮಾಡಿಕೊಂಡ. "ಬಂದರಿನ ಬಂಧುಗಳೇ, ನಾನು ಕನ್ನಡಕದ ವೆನ್‌ಪಿನ್. ಡಿಸೆಂಬರಿನಲ್ಲಿ ಬರೋ ಕ್ಯಾಪ್ಟನ್ ಸಿನಿಮಾದೋನು. ನಮ್ಮ ಕ್ಯಾಪ್ಟನ್ ಹುಂಗ್ ಅವರು ಸತ್ತಿರೋದು ಖಂಡಿತ. ಅದರಲ್ಲಿ ಯಾರೂ ಸಂಶಯ..."

ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಕೈಗೆ ಬಣ್ಣವಾಗಿದ್ದರಿಂದ ಮುಖ್ಯಸ್ಥ ಅದನ್ನು ಎತ್ತದೆ, ಮೊಣಕೈಯಿಂದ ಗುಂಡಿ ಒತ್ತಿದ. ಫೋನಿನ ದನಿ ಕೋಣೆಯಲ್ಲೆಲ್ಲ ತುಂಬಿತು. ಕೋಣೆಯಲ್ಲಿ ತುಂಬಿದ್ದು ಮೈಕಿಗೆ, ಮೈಕಿನಿಂದ ಊರಿಗೆ.

"ಶ್ಯೂ! ಯಾವನಯ್ಯಾ ಅವನು, ನಾನು ಬರ್ತೀನಿ ಅಂತ ಊರೆಲ್ಲ ಸಾರ್ತಿರೋನು?"

ಮುಖ್ಯಸ್ಥನ ಕೈ ತಲೆಯ ಮೇಲೇ ನಿಂತಿತು. "ಯಾ... ಯಾರು ಮಾತಾಡ್ತಿರೋದು?"

"ಯಾರು ಅಂದ್ರೆ? ನಾನಯ್ಯಾ, ಹುಂಗ್! ನಿಮ್ಮೂರಿನ ಲಾರಿ ಡ್ರೈವರು ದಕ್ಷಿಣಕ್ಕೆ ಬಂದು, ಇಲ್ಲಿ ಮೀನು ಮಾರ್ಕೆಟ್ಟಲ್ಲಿ, ನನ್ನೆದುರಿಗೇ ನನ್ನ ಸುದ್ದಿ ಹೇಳ್ತಾನೆ! ನಾನು ಬರಲ್ಲ, ತಿಳೀತಾ? ನಂದಿಲ್ಲಿ ಗುಜರಿ ಅಂಗಡಿ ಇದೆ. ಇವಳಿದ್ದಾಳೆ, ಮೂರು ಹೆಣ್ಣುಮಕ್ಕಳಿದ್ದಾರೆ. ಎಲ್ಲಾ ಬಿಟ್ಟು ಎಲ್ಲಿಗೆ ಬರ್ಲಿ?"

ಕಿಟಕಿಯಿಂದ ನೋಡಿದೆ. ಬೀದಿಯಲ್ಲಿ ನಡೆಯುತ್ತಿದ್ದ ಜನ ನಡೆಯುವ ಭಂಗಿಯಲ್ಲೇ ನಿಂತಿದ್ದರು. ಬಲೆ ಹೊಲಿಯುವವರ ಸೂಜಿ ಗಾಳ ಹಾಕಿದ ಹಾಗೆ ಗಾಳಿಯಲ್ಲಿತ್ತು. ತಾವೊ ಅಜ್ಜಿ ಮಾತ್ರ ಕಹಳೆಯ ಕಡೆ ಬೆರಳು ಮಾಡಿ ಸುತ್ತಲವರಿಗೆ, "ಹೇಳ್ಲಿಲ್ವಾ? ಮೂರು ಹೆಣ್ಣು!" ಎನ್ನುತ್ತಿದ್ದಳು.

"ಯಾಕಯ್ಯಾ ಹೋದೆ?" ಮುಖ್ಯಸ್ಥನ ದನಿಯಲ್ಲಿ ಅಳುವಿತ್ತು.

"ಬಿಟ್ಟು ಹೋಗ್ಬೇಕು ಅಂತ ಹೋಗ್ಲಿಲ್ಲ. ಸ್ನೇಹಿತನ ದೋಣಿ ಹತ್ತಿ ನಾಲ್ಕು ದಿನ ಸುತ್ತಾಡಿ ಬರೋಣ ಅಂತ ಹೋದೆ. ನಮ್ಮ ದೋಣಿ ಹಗ್ಗ ಬಿಚ್ಕೊಂಡಿತ್ತು ಅಂತ ಆಮೇಲೆ ಗೊತ್ತಾಯ್ತು. ಸ್ವಲ್ಪ ತಡ ಆಯ್ತು. ಅಷ್ಟರಲ್ಲಿ ನೀನು ಸ್ಮಾರಕ ಕಟ್ಟಿಬಿಟ್ಟೆ. ಸ್ಮಾರಕ ಕಟ್ಟಿದ ಮೇಲೆ ಬಂದ್ರೆ ಚೆನ್ನಾಗಿರುತ್ತಾ, ನೀನೇ ಹೇಳು?"

ಆಗಲೇ ಬಾಗಿಲು ದಡಾರನೆ ತೆರೆಯಿತು. ಯೂಲಾನ್. ಸೊಂಟದಲ್ಲಿ ಅಡುಗೆಯ ಬಟ್ಟೆ, ಕೈಯಲ್ಲಿ ಸಾರಿನ ಸೌಟು. ಮೈಕನ್ನೂ ಫೋನನ್ನೂ ಒಟ್ಟಿಗೆ ತನ್ನ ಕಡೆ ಎಳೆದುಕೊಂಡಳು.

"ತಿಯೆನ್‌ಫು."

ಆ ಕಡೆಯಿಂದ ಬಹಳ ಸಣ್ಣ ದನಿ: "ಲಾನ್? ಚೆನ್ನಾಗಿದ್ದೀಯಾ?"

"ಸತ್ತೋನಿಗೆ ನನ್ನ ಯೋಗಕ್ಷೇಮ ಯಾಕೆ? ನಿನ್ನ ಹೆಸರಲ್ಲಿ ಪ್ರತಿವರ್ಷ ಧೂಪ ಹಚ್ಚಿ, ನಿಂಗಿಷ್ಟ ಅಂತ ಹುರಿದ ಹಂದಿಮಾಂಸ ಎಡೆ ಇಟ್ಟೆನಲ್ಲೋ! ಒಂಬತ್ತು ವರ್ಷದ ಹಂದಿಮಾಂಸ! ಅದನ್ನೆಲ್ಲ ಯಾವ ದೆವ್ವ ತಿಂತು?"

"ಅದು... ತಪ್ಪಾಯ್ತು, ಲಾನ್."

"ಸಮುದ್ರ ನಿನ್ನ ನುಂಗ್ತು ಅಂತ ನಾನು ಸಮುದ್ರದ ಮೇಲೆ ಕೋಪ ಮಾಡ್ಕೊಂಡಿದ್ದೆ. ಸಮುದ್ರಕ್ಕೂ ಒಂದು ರುಚಿ ಇರುತ್ತೆ, ನಿನ್ನಂಥೋನನ್ನ ನುಂಗಲ್ಲ ಅಂತ ನಂಗೆ ಹೊಳೀಲಿಲ್ಲ ನೋಡು. ನಿನ್ನ ಯಾರೂ ಇಲ್ಲಿಗೆ ಕರೀತಿಲ್ಲ. ಆದ್ರೆ ಒಂದೇ ಒಂದು ಸಲ ಬಾ. ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿ ನಿನ್ನ ದಾರಿ ಹಿಡ್ಕೊಂಡು ಹೋಗು."

"ಬೈಯಲ್ಲ ತಾನೇ?"

"ಬೈದಾಯ್ತಲ್ಲ. ಇಡೀ ಊರು ಕೇಳಿಸ್ಕೊಂಡಿದೆ."

"ಊರಾ? ಊರು ಹೇಗೆ..." ಕ್ಯಾಪ್ಟನ್ ತಡವರಿಸಿದ. ಆಮೇಲೆ ಮಾತು ಬದಲಿಸುವವನಂತೆ, "ನನ್ನ ಹಾಡಿನ ಯಂತ್ರ ಇದೆಯಾ?" ಎಂದ.

ಯೂಲಾನ್ ಸೌಟಿನಿಂದಲೇ ಫೋನು ನಿಲ್ಲಿಸಿದಳು. ಹೊರಗೆ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಬೀದಿಯೇ ತಟ್ಟಿತು. ಮುಖ್ಯಸ್ಥ ಮೈಕಿನ ಗುಂಡಿಯನ್ನು ಆಗ ನೋಡಿದ.

ವೆನ್‌ಪಿನ್ ಗೋಡೆಗೆ ಅಂಟಿಕೊಂಡು ನಿಂತಿದ್ದ. ಯೂಲಾನ್ ಅವನ ಕಡೆ ತಿರುಗಿ, "ನಿಂಗೆ ಇದೆಲ್ಲ ಹೇಗೆ ಗೊತ್ತಾಯ್ತು?" ಎಂದಳು.

"ಗೊತ್ತಿರ್ಲಿಲ್ಲ," ಎಂದ ವೆನ್‌ಪಿನ್. ಎಲ್ಲವನ್ನೂ ಹೇಳಿದ. ನೌಕಾ ಸಂಘವಲ್ಲ, ಸಿನಿಮಾ ಎಂದ. ಕಪ್ಪು ಕುಳಿ ಎಂದ, ಮೂರು ಕಣ್ಣು ಎಂದ, ಕಡೆಗೆ ನೆಲ ನೋಡುತ್ತಾ, "ಒಂಬತ್ತು ವರ್ಷ ಒಬ್ಬ ಮನುಷ್ಯನಿಗೆ ಕಾಯೋದು ಅಂದ್ರೇನು ಅಂತ ನಿಂಗೆ ಗೊತ್ತಲ್ಲ, ಅದಕ್ಕೆ ನಿಂಗೂ ಇಷ್ಟ ಆಗಬಹುದು ಅನ್ಕೊಂಡೆ" ಎಂದ.

"ನಾನು ಯಾರಿಗೂ ಕಾಯ್ತಿರ್ಲಿಲ್ಲ," ಎಂದಳು ಯೂಲಾನ್. "ಮೀನುಂಡೆ ಮಾಡ್ತಿದ್ದೆ."

ಅವಳ ಮುಖ ಬಿಗಿದುಕೊಂಡಿತ್ತು, ಅಳುತ್ತಾಳೆಂದು ನಾನು ಹೆದರಿದೆ. ಆದರೆ ಅದು ನಗು. ಹೊಟ್ಟೆ ಹಿಡಿದುಕೊಂಡು, ಸೌಟು ಊರಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಕೈ ಚಾಚಿದಳು. ವೆನ್‌ಪಿನ್ ಅವಳ ಕೈಗೆ ಆತುರದಲ್ಲಿ ಒಂದು ಕನ್ನಡಕದ ತಿರುಪು ಇಟ್ಟ. ಎರಡನೆಯ ಸಲ ಹುಡುಕಿದಾಗ ಉಂಗುರ ಸಿಕ್ಕಿತು.

ಆದರೆ ಮದುವೆ ಅಷ್ಟು ಸಲೀಸಾಗಿ ಆಗಲಿಲ್ಲ. ಏನೂ ಕೇಳಿಸಿಲ್ಲವೆಂದು ಊರಿನವರೆಲ್ಲ ಒಮ್ಮತದಿಂದ ಹೇಳಲು ಸಿದ್ಧರಿದ್ದರು. ದುರದೃಷ್ಟಕ್ಕೆ ನೋಂದಣಿ ಕಚೇರಿಯ ಚಿಯೆನ್ ಮೇಡಂ ಆ ಹೊತ್ತಿನಲ್ಲಿ ಕಹಳೆಯ ಕೆಳಗೆ ಕುಳಿತು ಮೀನುಂಡೆ ತಿನ್ನುತ್ತಿದ್ದರು. ಕ್ಯಾಪ್ಟನ್ ಬದುಕಿರುವುದು ಸರ್ಕಾರದ ಕಿವಿಗೆ ಬಿದ್ದ ಹಾಗಾಯಿತು.

ಹಾಗಾಗಿ ಡಿಸೆಂಬರಿನಲ್ಲಿ ಕ್ಯಾಪ್ಟನ್ ನಿಜವಾಗಿಯೂ ಬಂದ. ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೂವಿನ ಅಂಗಿ, ದೊಡ್ಡ ಹೊಟ್ಟೆ, ಬಾಯಲ್ಲಿ ಅಡಿಕೆ, ಕೈಯಲ್ಲಿ ಒಂದು ಚೀಲ ಜಂಬು ಹಣ್ಣು. ಮೊದಲು ಮಂಟಪ ನೋಡಬೇಕೆಂದ. ಮುಖ್ಯಸ್ಥ ಗಾಬರಿಯಲ್ಲಿ ಅರ್ಧ ಮಾತ್ರ ಬಿಳಿ ಬಳಿದಿದ್ದರಿಂದ ಉಳಿದರ್ಧ ಓದಲು ಬರುತ್ತಿತ್ತು. ಹನ್ನೊಂದು ಜನರ ಪ್ರಾಣ ಉಳಿಸಿದ್ದನ್ನು ಕ್ಯಾಪ್ಟನ್ ಎರಡು ಸಲ ಓದಿದ. ಅಡಿಕೆ ಜಗಿಯುವುದು ನಿಂತಿತು.

"ಎಂಥಾ ಮನುಷ್ಯ!" ಎಂದ, ಗದ್ಗದವಾಗಿ. "ಶ್ಯೂ, ಆ ಬಿಳಿ ಬಣ್ಣ ಉಜ್ಜಿ ತೆಗಿ. ಇಂಥೋರನ್ನ ಊರು ಮರೀಬಾರ್ದು."

ನೋಂದಣಿ ಕಚೇರಿಗೆ ಅವನ ಹಿಂದೆ ಅರ್ಧ ಬಂದರು ಹೋಯಿತು. ಚಿಯೆನ್ ಮೇಡಂ ಕಂಪ್ಯೂಟರ್ ನೋಡಿ, ಅವನನ್ನು ನೋಡಿ, ಮತ್ತೆ ಕಂಪ್ಯೂಟರ್ ನೋಡಿದರು.

"ನೀವು ತೀರಿಕೊಂಡಿದ್ದೀರಿ."

"ಇಲ್ಲೇ ನಿಂತಿದ್ದೀನಲ್ಲ ಮೇಡಂ."

"ನಿಂತಿರಬಹುದು. ತೀರಿಕೊಂಡೋರು ವಿಚ್ಛೇದನ ಕೊಡೋ ಹಾಗಿಲ್ಲ."

"ಹಾಗಾದ್ರೆ ಇವಳು ವಿಧವೆ. ಮದುವೆ ಆಗ್ಲಿ ಬಿಡಿ."

"ಆಗಬಹುದಿತ್ತು. ಆದ್ರೆ ನೀವು ಬದುಕಿದ್ದೀರಲ್ಲ."

ಕ್ಯಾಪ್ಟನ್ ವೆನ್‌ಪಿನ್‌ನ ಕಡೆ ತಿರುಗಿ, "ಇಷ್ಟು ಗೊಂದಲ ಸಮುದ್ರದಲ್ಲೂ ನೋಡಿಲ್ಲ ತಮ್ಮಾ" ಎಂದ. ಮೊದಲು ನ್ಯಾಯಾಲಯ ಅವನನ್ನು ಬದುಕಿಸಬೇಕು, ಆಮೇಲೆ ಅವನು ಸಹಿ ಹಾಕಬೇಕು, ಆಮೇಲೆ ಇವರ ಮದುವೆ. ಕ್ಯಾಪ್ಟನ್ ಅದಕ್ಕಾಗಿ ಮತ್ತೆ ಮತ್ತೆ ದಕ್ಷಿಣದಿಂದ ಬಂದ. ಬರುವಾಗೆಲ್ಲ ಜಂಬು ಹಣ್ಣು ತಂದ, ಯೂಲಾನಳ ಅಂಗಡಿಯಲ್ಲಿ ಹಣ ಕೊಟ್ಟೇ ಸಾರು ಕುಡಿದ. ಹಾಡಿನ ಯಂತ್ರವನ್ನು ಬಸ್ಸಿನ ನೆತ್ತಿಗೆ ಕಟ್ಟಿಕೊಂಡು ಹೋದ.

ಸಿನಿಮಾದವರಿಗೂ ಏನೋ ಅಡಚಣೆಯಾಯಿತಂತೆ, ಡಿಸೆಂಬರಿನದು ಏಪ್ರಿಲ್‌ಗೆ ಹೋಯಿತು. ವೆನ್‌ಪಿನ್ ಎರಡಕ್ಕೂ ಸಮಾನವಾಗಿ ಕಾದ. ಕಡೆಗೆ ಬೀದಿಗೆ ಶಾಮಿಯಾನ ಹಾಕಿಸಿ, ದುಂಡು ಮೇಜು ಜೋಡಿಸಿ ಮದುವೆಯ ಊಟವಾಯಿತು. ಮುಖ್ಯಸ್ಥ ಭಾಷಣ ಮಾಡಲು ಎದ್ದಾಗ ನಾಲ್ಕು ಜನ ಅವನನ್ನು ಕೂರಿಸಿದರು. ಮರುದಿನ ಒಂದು ಬಸ್ಸು ತುಂಬಾ ಜನ ಕೀಲುಂಗ್‌ಗೆ ಹೊರಟೆವು. ಸಿನಿಮಾದಲ್ಲಿರುವುದು ನಮ್ಮ ಕ್ಯಾಪ್ಟನ್ನನ ಕಥೆಯೇ ಎಂದು ತಾವೊ ಅಜ್ಜಿ ಕೊನೆಯವರೆಗೂ ನಂಬಿದ್ದಳು.

ಎರಡೂವರೆ ಗಂಟೆ ಯುದ್ಧವೇ ಯುದ್ಧ, ಕ್ಯಾಪ್ಟನ್ನನ ಸುಳಿವಿಲ್ಲ. ಕಟ್ಟಕಡೆಗೆ ನೌಕೆಯಲ್ಲಿ ಎಲ್ಲರೂ ಸೋತು ಕುಳಿತಿರುವಾಗ ಹೊರಬಾಗಿಲನ್ನು ಯಾರೋ ತಟ್ಟಿದರು. ಬಾಗಿಲು ಅರ್ಧ ತೆರೆಯಿತು, ಬೆಳಕು ಕೋರೈಸಿತು, ಬೆಳಕಿನಲ್ಲಿ ಒಂದು ನೆರಳು. ಅಷ್ಟಕ್ಕೆ ಪರದೆ ಕಪ್ಪಾಯಿತು.

ಚಿತ್ರಮಂದಿರ ಹುಚ್ಚೆದ್ದು ಕೂಗಿತು. ವೆನ್‌ಪಿನ್ ಬಿಕ್ಕಿ ಬಿಕ್ಕಿ ಅಳುತ್ತಾ, "ಬಂದ! ಬಂದೇ ಬಂದ!" ಎನ್ನುತ್ತಿದ್ದ.

"ಅವನಲ್ಲ," ಎಂದಳು ಯೂಲಾನ್.

ನಮ್ಮ ಹಿಂದಿನ ಸಾಲಿನಲ್ಲಿ ಮುಖಕ್ಕೆ ಬೆಳ್ಳಿ ಬಣ್ಣ ಬಳಿದುಕೊಂಡು, ನಿಲುವಂಗಿ ತೊಟ್ಟು ಬಂದಿದ್ದ ಹುಡುಗ ಹುಡುಗಿಯರಿದ್ದರು. ಅವರು ಕೂಗುವುದನ್ನು ನಿಲ್ಲಿಸಿ ಬಗ್ಗಿ ನೋಡಿದರು.

"ಅಷ್ಟು ವರ್ಷ ಮನೆ ಬಿಟ್ಟಿದ್ದ ಗಂಡಸು ಬಾಗಿಲು ತಟ್ಟಲ್ಲ," ಎಂದಳು ಯೂಲಾನ್, ಕೈಚೀಲ ತೆಗೆದುಕೊಳ್ಳುತ್ತಾ. "ನೆಟ್ಟಗೆ ಒಳಗೆ ಬಂದು ಊಟಕ್ಕೇನಿದೆ ಅಂತಾನೆ. ತಟ್ಟಿದ್ದು ಹೆಂಗಸು. ಅವನ ಇನ್ನೊಬ್ಬ ಹೆಂಡತಿ. ಅವನ ಕಾಟ ತಡೀಲಾರದೆ ವಾಪಸ್ ಒಪ್ಪಿಸಿ ಹೋಗಕ್ಕೆ ಬಂದಿದ್ದಾಳೆ. ಅವನು ಹೊರಗೆ ನಿಂತಿದ್ದಾನೆ, ಒಳಗೆ ಬರಕ್ಕೆ ಮುಖ ಇಲ್ಲ."

ಮೊದಲು ಒಂದು ಸಾಲು ಸುಮ್ಮನಾಯಿತು, ಆಮೇಲೆ ಅದರ ಹಿಂದಿನ ಸಾಲು. ಬೆಳ್ಳಿಮುಖದ ಹುಡುಗಿಯೊಬ್ಬಳು ಫೋನು ಕೈಯಲ್ಲಿ ಹಿಡಿದು ಕುರ್ಚಿ ದಾಟಿ ಬಂದಳು. ಬೇರೆಯವರೂ ಬಂದು ಸುತ್ತ ನಿಂತರು. ವೆನ್‌ಪಿನ್ ಕಣ್ಣೀರು ಒರೆಸುವುದನ್ನೂ ಮರೆತು, ಬಾಯಿ ಬಿಟ್ಟುಕೊಂಡು ಹೆಂಡತಿಯನ್ನೇ ನೋಡುತ್ತಿದ್ದ.

"ಅಕ್ಕಾ, ಒಂದೇ ಒಂದು ಮಾತು," ಎಂದಳು ಹುಡುಗಿ. "ಮೊದಲನೇ ಹೆಂಡತಿ ಅವನನ್ನ ಮತ್ತೆ ಸೇರಿಸ್ಕೊಳ್ತಾಳಾ?"

"ಇಲ್ಲಮ್ಮಾ," ಎಂದಳು ಯೂಲಾನ್. "ಅವಳಿಗೆ ಈಗ ಪುರುಸೊತ್ತಿಲ್ಲ."

ಆಮೇಲೆ ಗಂಡನ ಕನ್ನಡಕ ತೆಗೆದು, ಸೆರಗಿಲ್ಲದ್ದರಿಂದ ತನ್ನ ತೋಳಿನಂಚಿನಿಂದಲೇ ಒರೆಸಿ, ಮತ್ತೆ ಅವನ ಮೂಗಿನ ಮೇಲಿಟ್ಟಳು. "ನಡಿ. ಬಸ್ಸು ತಪ್ಪುತ್ತೆ."